ಎಡಗಡೆಯ ಕೊಳವೆಯ ಹಸಿ ಮಣ್ಣು

ನನ್ನ ತಮ್ಮ ಮುನಿರಾಜನ ಮಗಳು ಸುಮ ವಿಮಾನ ರಿಪೇರಿಯ ಕೋರ್ಸಿಗೆ ಸೇರಿದ್ದಾಳೆ. ಈಚೆಗೆ ಮಾಲೂರಿನ ಅವರ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಕ್ಲಾಸಿನಲ್ಲಿ ಕೇಳಿದ ಒಂದು ಕಥೆಯನ್ನು ನಗುನಗುತ್ತಾ ಹೇಳಿದಳು.

"ಅಪ್ಪಾ, ಬೆಂಗಳೂರು ಹಳೇ ಏರ್‌ಪೋರ್ಟಲ್ಲಿ ಒಬ್ಬ ಹೆಲ್ಪರ್ ಇದ್ದನಂತೆ, ನಮ್ಮ ಕೋಲಾರದ ಕಡೆಯವನೇ. ವಿಮಾನದ ಕೊಳವೇಲಿ ಹುಳ ಗೂಡು ಕಟ್ತಿದ್ರೆ ನೋಡ್ಕೊಂಡು ಸುಮ್ನೆ ಇದ್ದನಂತೆ. ಯಾಕಯ್ಯಾ ಅಂತ ಕೇಳಿದ್ರೆ, 'ಮನೇಲಿ ಹೆಂಡ್ತಿ ಬಸುರಿ ಸಾರ್, ಗೂಡು ಕೀಳಬಾರದು' ಅಂದನಂತೆ! ವಿಮಾನ ಮೇಲಕ್ಕೇರೋವಾಗ ಸ್ಪೀಡೇ ಇಲ್ಲ ಅಂತ ಮೀಟರ್ ತೋರಿಸಿಬಿಡ್ತಂತೆ. ಕ್ಲಾಸೆಲ್ಲಾ ಬಿದ್ದು ಬಿದ್ದು ನಕ್ಕರು. ಅವನಿಗೆ ಹುಳದಪ್ಪ ಅಂತಲೇ ಹೆಸರು ಬಿದ್ದಿತ್ತಂತೆ."

ಮುನಿರಾಜನ ಹೆಂಡತಿ ರತ್ನ ಸೌಟು ಹಿಡಿದವಳು ಹಾಗೇ ನಿಂತಳು. ಮುನಿರಾಜ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. "ಹೂಂ, ಅಂಥೋರೂ ಇರ್ತಾರೆ. ನೀನು ಊಟ ಮಾಡು" ಅಂದ.

ಆ ಹೆಲ್ಪರ್ ಮುನಿರಾಜನೇ. ಆ ಬಸುರಿ ರತ್ನ. ಆಗ ಅವಳ ಹೊಟ್ಟೆಯಲ್ಲಿದ್ದದ್ದು ಸುಮ. ಅಪ್ಪ ಸ್ವಲ್ಪ ಕಾಲ ಅಲ್ಲಿ ಲೋಡರ್ ಆಗಿದ್ದ, ಡ್ಯೂಟಿ ಒಗ್ಗಲಿಲ್ಲ, ಬಿಟ್ಟ ಎಂದಷ್ಟೇ ಅವಳಿಗೆ ಮನೆಯಲ್ಲಿ ಹೇಳಿದ್ದೆವು. ಆದರೆ ಕ್ಲಾಸಿನಲ್ಲಿ ಹೇಳುವ ಆ ಕಥೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಆ ಹೆಲ್ಪರ್ ಸುಮ್ಮನಿರಲಿಲ್ಲ. ಒಬ್ಬನಿಗೆ ಹೇಳಿದ್ದ. ಹೇಳಿಸಿಕೊಂಡವನು ನಾನು.

ಅದಕ್ಕೆ ಇದನ್ನು ಬರೆಯಲು ಕೂತೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಇಂಜಿನ್, ರೆಕ್ಕೆ, ಕಂಪ್ಯೂಟರ್ ಬಗ್ಗೆ ನನಗಿಂತ ಹೆಚ್ಚು ಓದಿರುತ್ತಾರೆ. ನನಗೆ ಗೊತ್ತಿರುವುದು ಕೆಳಗೆ ನಿಂತವರ ಕೆಲಸ.

ನಾನು ಕೃಷ್ಣಪ್ಪ. ವಕ್ಕಲೇರಿ ಪಕ್ಕದ ಹಳ್ಳಿಯವನು. ಓದಿದ್ದು ಏಳನೇ ಕ್ಲಾಸು. ಡೈರಿಯಲ್ಲಿ ಹಾಲಿನ ಕ್ಯಾನು ಎತ್ತುತ್ತಿದ್ದವನಿಗೆ ಪರಿಚಯದವರೊಬ್ಬರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಹೆಲ್ಪರ್ ಕೆಲಸ ಕೊಡಿಸಿದರು. ಆಗ ನಿಲ್ದಾಣ ಊರೊಳಗೇ ಇತ್ತು. ಕೋಲಾರದ ಬಸ್ಸಿಳಿದು ಇನ್ನೊಂದು ಬಸ್ಸು ಹತ್ತಿದರೆ ಗೇಟು.

ಹೆಲ್ಪರ್ ಅಂದರೆ ವಿಮಾನದ ಚಕ್ರ ಉರುಳದಂತೆ ಮರದ ತುಂಡು ಇಡುವವನು, ಏಣಿ ತಳ್ಳುವವನು, ಎಣ್ಣೆ ಒರೆಸುವವನು, ಇಂಜಿನಿಯರ್ ಕೈ ಚಾಚಿದಾಗ ಸ್ಪ್ಯಾನರ್ ಕೊಡುವವನು. ಇದರ ಜೊತೆಗೆ ಇನ್ನೊಂದು ಸಣ್ಣ ಕೆಲಸ. ವಿಮಾನದ ಮೂತಿಯ ಪಕ್ಕದಲ್ಲಿ ಬೆರಳು ಗಾತ್ರದ ಕೊಳವೆಗಳು ಮುಂದಕ್ಕೆ ಬಾಯಿ ತೆರೆದುಕೊಂಡು ನಿಂತಿರುತ್ತವೆ. ಪಿಟೋ ಅನ್ನುತ್ತಾರೆ. ಎದುರಿನಿಂದ ನುಗ್ಗುವ ಗಾಳಿ ಆ ಬಾಯಿಗೆ ಎಷ್ಟು ಒತ್ತುತ್ತದೋ ಅದನ್ನು ಅಳೆದು ಪೈಲಟ್ ಮುಂದಿನ ಮೀಟರ್ ಸ್ಪೀಡ್ ತೋರಿಸುತ್ತದೆ. ಎಡಗಡೆಯದು ಕ್ಯಾಪ್ಟನ್‌ಗೆ, ಬಲಗಡೆಯದು ಜೊತೆಯ ಪೈಲಟ್‌ಗೆ, ಮೂರನೆಯದು ಇವೆರಡರಲ್ಲಿ ಒಂದು ಕೈಕೊಟ್ಟರೆ ಇರಲಿ ಅಂತ. ವಿಮಾನ ನಿಂತಾಗ ಇವುಗಳ ಬಾಯಿಗೆ ಕವರ್ ಹಾಕಬೇಕು, ಹೊರಡುವ ಮುಂಚೆ ತೆಗೆಯಬೇಕು. ಕವರ್‌ಗೆ ಉದ್ದನೆಯ ಕೆಂಪು ಪಟ್ಟಿ ಇರುತ್ತದೆ, ದೂರದಿಂದಲೂ ಕಾಣಲಿ ಅಂತ.

ನನಗೆ ಇದನ್ನು ಕಲಿಸಿದವರು ಇಂಜಿನಿಯರ್ ಪೀಟರ್ ಸಾರ್. ಕೆ.ಜಿ.ಎಫ್.ನವರು. ತಮಿಳಿನ ರಾಗದಲ್ಲಿ ಕನ್ನಡ ಮಾತಾಡುತ್ತಿದ್ದರು. ಮೊದಲ ದಿನ ನನ್ನನ್ನು ನಿಲ್ಲಿಸಿ, "ಕಣ್ಣು ಮುಚ್ಚಪ್ಪಾ" ಅಂದರು. ಮುಚ್ಚಿದೆ. ಕೆನ್ನೆಗೆ ಉಫ್ ಅಂತ ಊದಿದರು.

"ಗಾಳಿ ಬಂತಾ?"

"ಬಂತು ಸಾರ್."

ನನ್ನ ಕೆನ್ನೆಯ ಮೇಲೆ ಕೈಯಿಟ್ಟು ಮತ್ತೆ ಊದಿದರು. "ಈಗ?"

"ಗೊತ್ತಾಗ್ತಿಲ್ಲ ಸಾರ್."

"ಅಷ್ಟೇಪ್ಪಾ. ವಿಮಾನಕ್ಕೂ ಅಷ್ಟೇ ಬುದ್ಧಿ. ನಾವು ಕೈಯಿಟ್ಟು ಮುಚ್ಚಿದ್ರೆ ಗಾಳೀನೇ ಇಲ್ಲ ಅಂದ್ಕೊಳ್ಳುತ್ತೆ."

ಒಂದು ಸಲ ಕವರ್ ತೆಗೆದು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಅವರ ಕೈಗೆ ಕೊಡುವುದನ್ನೇ ಮರೆತೆ. ಹೊರಡಲು ತಯಾರಾಗಿದ್ದ ವಿಮಾನವನ್ನು ಅವರು ನಿಲ್ಲಿಸಿದರು. ಎಲ್ಲ ಕಡೆ ಹುಡುಕಿ, ಕೊನೆಗೆ ನನ್ನ ಜೇಬಿನಿಂದ ಇಣುಕುತ್ತಿದ್ದ ಕೆಂಪು ಪಟ್ಟಿಯನ್ನು ಹಿಡಿದು ಎಳೆದರು. ಬೈಯಲಿಲ್ಲ. ಅದನ್ನು ನನ್ನ ಕೊರಳಿಗೆ ಕಟ್ಟಿ, "ಡ್ಯೂಟಿ ಮುಗಿಯೋ ತನಕ ಹಂಗೇ ಇರಪ್ಪಾ" ಅಂದರು. ಊಟಕ್ಕೂ ಹಾಗೇ ಹೋದೆ. "ಏನ್ಲಾ ಕೃಷ್ಣಪ್ಪ, ಹೆಣ್ಣು ನೋಡಕ್ಕೆ ಹೊಂಟಿದೀಯಾ?" ಅಂತ ಲೋಡರ್‌ಗಳು ರೇಗಿಸಿದರು. ಆಮೇಲೆ ಬಹಳ ವರ್ಷ ಅವರ ಕೈಯಲ್ಲಿ ಕವರ್‌ಗಳನ್ನು ನಾನೇ ಎಣಿಸಿ ಇಡುತ್ತಿದ್ದೆ. ಅವರೂ ನನ್ನನ್ನು ನಂಬಿದರು. ಆ ನಂಬಿಕೆ ಎಲ್ಲಿ ಹೋಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಹಾಸನದ ಕಡೆಯ ಒಬ್ಬ ಕ್ಯಾಪ್ಟನ್ ಇದ್ದರು. ನಮ್ಮಂಥವರ ಜೊತೆಗೂ ನಿಂತು ಮಾತಾಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಮಳೆ ಗಾಳಿ ಏಳುವ ಹೊತ್ತಿಗೆ ಸರಿಯಾಗಿ ಅವರ ವಿಮಾನ ಹೊರಟಿತ್ತು. ಮರುದಿನ ಬಂದಾಗ ಪೀಟರ್ ಸಾರ್ ಹತ್ತಿರ ಅದನ್ನು ಹೇಳುತ್ತಿದ್ದರು. ನಾನು ಏಣಿ ಒರೆಸುತ್ತಾ ಕೇಳಿಸಿಕೊಂಡೆ. ನೆಲ ಬಿಟ್ಟು ಏರುತ್ತಿದ್ದಾಗ ಎದುರು ಬೀಸುತ್ತಿದ್ದ ಗಾಳಿ ಒಮ್ಮೆಲೇ ತಿರುಗಿ ಬೆನ್ನಿಗೆ ಬಂತಂತೆ. ಸ್ಪೀಡ್ ಸರ್ರನೆ ಇಳಿಯಿತಂತೆ. "ಏಣಿ ಹತ್ತೋವಾಗ ಕಾಲಿಟ್ಟ ಕಡೆ ಮೆಟ್ಟಿಲೇ ಇಲ್ಲದಂಗಾಯ್ತು ಪೀಟರ್. ಇಂಜಿನ್ ಪೂರ್ತಿ ಕೊಟ್ಟು, ಮೂಗು ಬೀಳದ ಹಾಗೆ ಹಿಡಿದು, ಹೆಂಗೋ ದಾಟಿದೆ" ಅಂದರು.

ನಾನು ತಡೆಯಲಾರದೆ ಕೇಳಿದೆ. "ಅಂಥ ಹೊತ್ತಲ್ಲಿ ಏನು ನೋಡ್ತೀರಿ ಸಾರ್?"

"ಸ್ಪೀಡ್ ಮೀಟರ್ ನೋಡ್ತೀನಿ ಕಣಯ್ಯಾ. ಅದು ನಿಜ ಹೇಳ್ತಾ ಐತೆ ಅಂತ ನಂಬ್ಕೊಂಡು." ನನ್ನ ಹೆಗಲ ಮೇಲಿದ್ದ ಕವರ್‌ಗಳ ಕಡೆ ಕಣ್ಣು ತೋರಿಸಿದರು. "ನಿನ್ನ ನಂಬ್ಕೊಂಡು."

ಈ ಮಾತು ಕೇಳಿ ಹಿಗ್ಗಿದ್ದೆ.

ಮುನಿರಾಜನನ್ನು ಆ ಕೆಲಸಕ್ಕೆ ಸೇರಿಸಿದವನೂ ನಾನೇ. ತಮಾಷೆಯವನು. ಹರಿದು ಬಿಸಾಡಿದ್ದ ಒಂದು ಕೆಂಪು ಪಟ್ಟಿಯನ್ನು ಸ್ಟೋರಿನವರಿಂದ ಕೇಳಿ ತಂದು ನಮ್ಮ ಹಸುವಿನ ಕೊರಳಿಗೆ ಕಟ್ಟಿದ್ದ. "ಹಾರೋ ಮುಂಚೆ ತೆಗೀಬೇಕು ಅಂತ ಇದರ ಮೇಲೆ ಬರೆದೈತೆ ಅಣ್ಣ. ನಮ್ಮದು ಹಾರಲ್ಲ, ಇರ್ಲಿ ಬಿಡು" ಅಂದಿದ್ದ.

ಅವನ ಹೆಂಡತಿ ರತ್ನ ಮುಳಬಾಗಿಲು ಕಡೆ ದೇವರಾಯಸಮುದ್ರದವಳು. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಮೂರನೇ ಸಲ ಬಸುರಿಯಾದಾಗ ಮನೆಯಲ್ಲಿ ಎಲ್ಲರೂ ಮೆತ್ತಗೆ ನಡೆಯುತ್ತಿದ್ದೆವು. ಅದೇ ದಿನಗಳಲ್ಲಿ ನಮ್ಮ ನಡುಮನೆಯ ಬಾಗಿಲುವಾಡದ ಮೇಲೆ ಕುಂಬಾರ ಹುಳ ಬಂದು ಮಣ್ಣಿನ ಗೂಡು ಕಟ್ಟಿತು. ಈ ಹುಳ ಎಲ್ಲರೂ ನೋಡಿರುತ್ತೀರಿ. ಸಣ್ಣ ಸೊಂಟದ ಕಣಜ. ಹಸಿ ಮಣ್ಣನ್ನು ಉಂಡೆ ಮಾಡಿ ತಂದು ಮೆತ್ತುತ್ತದೆ. ನಮ್ಮ ಅಮ್ಮ ಶ್ರೀನಿವಾಸಪುರದವಳು, ಮನಸ್ಸು ತುಂಬಿದಾಗ ತೆಲುಗು ಬರುತ್ತಿತ್ತು. ಗೂಡು ನೋಡಿ ಎರಡು ಕೈ ಎತ್ತಿ ಮುಗಿದಳು.

"ಕುಮ್ಮರಿ ಪುರುಗು ರಾ, ಕುಂಬಾರ ಹುಳ! ಮನೆಗೆ ಮಗು ಬರ್ತೈತೆ ಅಂತ ಹೇಳಕ್ಕೆ ಬಂದೈತೆ. ಹೆರಿಗೆ ಆಗೋ ಗಂಟ ಈ ಮನೇರು ಯಾರೂ ಎಲ್ಲೂ ಈ ಹುಳದ ಗೂಡು ಮುಟ್ಟಕೂಡದು. ಕೃಷ್ಣಾ, ನಿನಗೂ ಹೇಳಿದ್ದು. ನಿನ್ನ ಕೈನೂ ಈ ಮನೇದೇ."

ನಮ್ಮ ಕಡೆ ಇದನ್ನು ನಂಬುತ್ತಾರೆ. ಈಗ ಓದುವವರಿಗೆ ನಗು ಬರಬಹುದು. ಎರಡು ಸಲ ಕಳೆದುಕೊಂಡ ಮನೆಯಲ್ಲಿ ಯಾರಿಗೂ ನಗು ಬಂದಿರಲಿಲ್ಲ.

ಆ ದಿನ ಒಂದು ವಿಮಾನ ಯಾವುದೋ ಬಿಡಿಭಾಗಕ್ಕಾಗಿ ಕಾದು ದೂರದ ಜಾಗದಲ್ಲಿ ನಿಂತಿತ್ತು. ಬೆಳಿಗ್ಗೆ ಮುನಿರಾಜ ಕವರ್ ತರಲು ಹೊರಟಾಗ ನಾನೇ ತಡೆದೆ. "ಈಗ ಹೊರಡುತ್ತೆ ಬಿಡು. ಹಾಕೋದು, ತೆಗೆಯೋದು, ಯಾಕೆ ಸುಮ್ನೆ?" ಹಾಗೆ ಹೇಳಬಾರದಾಗಿತ್ತು. ಬಿಡಿಭಾಗ ಬರಲಿಲ್ಲ. ಬಿಸಿಲೇರಿತು. ಹಿಂದಿನ ದಿನ ಮಳೆ ಬಿದ್ದು ಚರಂಡಿಯ ಪಕ್ಕದಲ್ಲೆಲ್ಲ ಮಣ್ಣು ಹಸಿಯಾಗಿತ್ತು.

ನಾನು ನೆರಳಲ್ಲಿ ಕೂತಿದ್ದೆ. ಮುನಿರಾಜ ಓಡುತ್ತಾ ಬಂದ.

"ಅಣ್ಣ, ಕ್ಯಾಪ್ಟನ್ ಕಡೆ ಕೊಳವೆಗೆ ಕುಂಬಾರ ಹುಳ ಹೋಗ್ತೈತೆ, ಬರ್ತೈತೆ. ಬಾಯಲ್ಲಿ ಮಣ್ಣು ಕಾಣ್ತೈತೆ."

"ಓಡಿಸೋ ಅದನ್ನ."

"ಓಡಿಸಿದೆ. ಮಣ್ಣು ನನ್ನ ಕೈಲಿ ಕೀಳಕ್ಕಾಗಲ್ಲ ಅಣ್ಣ. ನಿನಗೆ ಗೊತ್ತಲ್ಲ. ಪೀಟರ್ ಸಾರ್‌ಗೆ ಹೇಳ್ತೀನಿ, ಅವರು ಯಾರ ಕೈಲಾದ್ರೂ ತೆಗೆಸ್ತಾರೆ."

"ಬೇಡ. ನಾನು ನೋಡ್ಕೊತೀನಿ. ನೀನು ಆ ಕಡೆ ಏಣಿ ನೋಡೋಗು."

"ಹೇಳ್ತೀಯಾ ತಾನೇ?"

"ಹೇಳ್ತೀನಿ ಹೋಗೋ ಅಂದ್ರೆ!"

ನನ್ನ ತಮ್ಮ ಮೂಢನಂಬಿಕೆಯವನು ಅಂತ ಎಲ್ಲರೂ ಅಂದರು. ಗೂಡು ಕೀಳದಿದ್ದರೂ ಅವನು ಮಾಡಬೇಕಾದ್ದನ್ನು ಮಾಡಿದ್ದ. ತನ್ನ ಕೈಲಿ ಆಗದ್ದನ್ನು ಆಗುವವರಿಗೆ ಹೇಳಲು ಹೊರಟಿದ್ದ. ತಡೆದವನು ನಾನು. ಪೀಟರ್ ಸಾರ್‌ಗೆ ಹೇಳಿದರೆ ಅವರು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತಿತ್ತು. ಕವರ್ ಯಾಕೆ ಹಾಕಿರಲಿಲ್ಲ?

ಏಣಿ ಹತ್ತಿ ನೋಡಿದೆ. ಕೊಳವೆಯ ಬಾಯಿಯ ಅಂಚಿನಲ್ಲಿ ಉಗುರಿನಷ್ಟು ಹಸಿ ಮಣ್ಣು. ಒಳಗೆ ಎಷ್ಟಿದೆಯೋ ಕಾಣುತ್ತಿರಲಿಲ್ಲ. ನನಗೂ ಅಮ್ಮನ ಮಾತು ನೆನಪಾಯಿತು. ಆಗ ಒಂದು ಉಪಾಯ ಹೊಳೆಯಿತು. ಬಟ್ಟೆ ಒದ್ದೆ ಮಾಡಿ ಅಂಚನ್ನು ಮೆಲ್ಲಗೆ ಒರೆಸಿದೆ. ಗೂಡು ಕಿತ್ತಂತಾಗಲಿಲ್ಲ, ತೊಳೆದಂತಾಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಹೊರಗೆ ಕೊಳವೆ ಹೊಳೆಯಿತು. ಮನೆಯ ಮಾತೂ ಉಳಿಯಿತು, ಕೆಲಸವೂ ಆಯಿತು ಅನ್ನಿಸಿತು. ನಿಜವಾಗಿ ಆದದ್ದು ಏನೆಂದರೆ, ಹಸಿ ಮಣ್ಣನ್ನು ನೀರು ಕುಡಿಸಿ ಇನ್ನಷ್ಟು ಒಳಕ್ಕೆ ತಳ್ಳಿದ್ದೆ. ಮೇಲೆ ಕವರ್ ಹಾಕಿದೆ. ಬಿಡಿಭಾಗ ಬಂತು. ಹೊರಡುವಾಗ ಕವರ್ ತೆಗೆದು, ಎಣಿಸಿ, ಪೀಟರ್ ಸಾರ್ ಕೈಗೆ ಕೊಟ್ಟೆ.

"ಎಲ್ಲಾ ಕ್ಲೀನಾಪ್ಪಾ?"

"ಕ್ಲೀನ್ ಸಾರ್."

ಮುನಿರಾಜ ದೂರದಿಂದ ನನ್ನ ಕಡೆ ನೋಡಿ ತಲೆ ಎತ್ತಿದ, ಹೇಳಿದೆಯಾ ಅನ್ನುವಂತೆ. ನಾನು ಹೌದು ಅಂತ ತಲೆ ಆಡಿಸಿದೆ.

ಆ ವಿಮಾನ ಸ್ವಲ್ಪ ಹೊತ್ತಿಗೆ ವಾಪಸ್ಸು ಬಂತು. ಆಂಬುಲೆನ್ಸ್ ಓಡಿತು. ಮೊದಲು ಇಳಿಸಿದ್ದು ಒಬ್ಬ ಗಗನಸಖಿಯನ್ನು. ಬೋರ್ಡಿನ ಮೇಲೆ ಕಟ್ಟಿ ಮಲಗಿಸಿದ್ದರು. ಚಿಕ್ಕ ವಯಸ್ಸು. ಕಣ್ಣು ಬಿಟ್ಟುಕೊಂಡಿದ್ದಳು. ಕೂಗುತ್ತಿರಲಿಲ್ಲ. "ಕಾಲು ಗೊತ್ತಾಗ್ತಿಲ್ಲ, ಕಾಲು ಗೊತ್ತಾಗ್ತಿಲ್ಲ" ಅಂತ ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದಳು. ಏಣಿ ಹಿಡಿದಿದ್ದವನು ನಾನು. ಅವಳ ಬೋರ್ಡು ನನ್ನ ಭುಜಕ್ಕೆ ತಗುಲಿಕೊಂಡೇ ಇಳಿಯಿತು. ಅವಳ ಹಿಂದೆ ಹಣೆ ಒಡೆದ ಪ್ರಯಾಣಿಕರು, ಅಳುವ ಮಕ್ಕಳು.

ಪೀಟರ್ ಸಾರ್ ಎಡಗಡೆಯ ಕೊಳವೆ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ತಟ್ಟಿದರು. ಮಣ್ಣಿನ ಉಂಡೆ ಬಿತ್ತು. ಅದರೊಳಗೆ ಹುಳದ ಮರಿಗೆಂದು ತಂದಿಟ್ಟಿದ್ದ ಒಂದು ಸಣ್ಣ ಜೇಡ. ಜೇಡಕ್ಕೆ ಇನ್ನೂ ಜೀವ ಇತ್ತು. ಕಾಲು ಅಲ್ಲಾಡಿಸುತ್ತಿತ್ತು.

ವಿಚಾರಣೆಗೆ ಆ ದಿನ ಡ್ಯೂಟಿಯಲ್ಲಿದ್ದ ನಮ್ಮನ್ನೆಲ್ಲ ಒಂದೇ ಕೋಣೆಯಲ್ಲಿ ನಿಲ್ಲಿಸಿದರು. ಕಂಪನಿಯ ದೊಡ್ಡವರು ಕೂತಿದ್ದರು. ಪಕ್ಕದಲ್ಲಿ ಪೀಟರ್ ಸಾರ್.

"ಹುಳ ನೋಡಿದೋರು ಯಾರಾದ್ರೂ ಇದ್ದೀರಾ?" ದೊಡ್ಡವರು ಕೇಳಿದರು.

ಮುನಿರಾಜ ಕೈ ಎತ್ತಿದ. "ನಾನು ನೋಡಿದೆ ಸಾರ್."

"ನೋಡಿ?"

"ಓಡಿಸಿದೆ. ಮಣ್ಣು ಕೀಳಲಿಲ್ಲ."

"ಯಾಕೆ?"

ಅವನು ಸುಳ್ಳು ಹೇಳಬಹುದಿತ್ತು. "ಮನೇಲಿ ಹೆಂಡ್ತಿ ಬಸುರಿ ಸಾರ್. ಈ ಗೂಡು ಕೀಳಬಾರದು ಅಂತಾರೆ ನಮ್ಮ ಕಡೆ."

ಯಾರೋ ಕಿಸಕ್ಕನೆ ನಕ್ಕರು. ಸುಮಳ ಕ್ಲಾಸಿನವರೆಗೂ ಬಂದ ನಗು ಅಲ್ಲೇ ಹುಟ್ಟಿದ್ದು.

"ಸರಿ, ನಿನ್ನ ಕೈಲಿ ಆಗಲಿಲ್ಲ. ಯಾರಿಗೆ ಹೇಳಿದೆ?"

ಮುನಿರಾಜ ನನ್ನ ಕಡೆ ನೋಡಿದ. ಬೆರಳು ತೋರಿಸುವ ನೋಟವಾಗಿರಲಿಲ್ಲ ಅದು. ನಾನೇ ಹೇಳುತ್ತೇನೆ ಅಂತ ಕಾಯುತ್ತಿದ್ದ. ನಾನು ನನ್ನ ಬೂಟು ನೋಡಿಕೊಂಡೆ. ಆಮೇಲೆ ಅವನ ದನಿ ಕೇಳಿಸಿತು.

"ಯಾರಿಗೂ ಹೇಳಲಿಲ್ಲ ಸಾರ್."

ಅವತ್ತೇ ಅವನ ಗೇಟ್ ಪಾಸ್ ಕಿತ್ತುಕೊಂಡರು. ಕೋಲಾರದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದೆವು. "ಯಾಕೋ ಹಂಗಂದೆ?" ಅಂತ ಕೇಳುವ ಧೈರ್ಯವೂ ನನಗಿರಲಿಲ್ಲ. ಅವನೇ ಹೇಳಿದ. "ಇಬ್ಬರೂ ಮನೇಲಿ ಕೂತ್ರೆ ಅಮ್ಮ ಏನು ಮಾಡ್ತಾಳೆ? ರತ್ನನ್ನ ಆಸ್ಪತ್ರೆಗೆ ಯಾರು ಕರ್ಕೊಂಡೋಗ್ತಾರೆ? ನೀನು ಇರು." ಅಷ್ಟೇ. ಆಮೇಲೆ ಆ ಮಾತು ನಮ್ಮಿಬ್ಬರ ಮಧ್ಯೆ ಬರಲಿಲ್ಲ.

ಪೀಟರ್ ಸಾರ್ ಒಂದು ಸಲ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದರು. "ಕೃಷ್ಣಪ್ಪಾ, ಕೊಳವೆ ಹೊರಗಡೆ ಒರೆಸಿದ ಗುರುತಿತ್ತು. ನಿನಗೇನಾದ್ರೂ ಹೇಳೋದಿದೆಯಾ?"

"ಇಲ್ಲ ಸಾರ್."

ಅವರು ಮತ್ತೆ ಕೇಳಲಿಲ್ಲ. ಆದರೆ ಅವತ್ತಿನಿಂದ ಕವರ್‌ಗಳನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. "ಅಲ್ಲಿ ಟೇಬಲ್ ಮೇಲಿಡಪ್ಪಾ" ಅನ್ನುತ್ತಿದ್ದರು. ತಾವೇ ಹೋಗಿ ಎಣಿಸುತ್ತಿದ್ದರು. ರಿಟೈರ್ ಆಗುವ ದಿನವೂ ಹಾಗೇ ಮಾಡಿದರು.

ಕೆಲವು ವಾರ ಕಳೆದ ಮೇಲೆ ಹಾಸನದ ಕ್ಯಾಪ್ಟನ್ ನಮ್ಮನ್ನೆಲ್ಲ ಹ್ಯಾಂಗರಿನಲ್ಲಿ ಸೇರಿಸಿದರು. ಆ ದಿನ ವಿಮಾನ ಹಾರಿಸಿದ್ದು ಅವರೇ. ಹೆಲ್ಪರ್, ಲೋಡರ್, ಎಲ್ಲರೂ ಬರಬೇಕು ಅಂದಿದ್ದರು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಈ ಕೆಲಸಕ್ಕೆ ಬರುವವರು ಗಮನವಿಟ್ಟು ಓದಿ.

ನೆಲದ ಮೇಲೆ ಓಡುವಾಗ ಎರಡೂ ಕಡೆಯ ಮೀಟರ್ ಸರಿಯಾಗಿ ಒಂದೇ ಸ್ಪೀಡ್ ತೋರಿಸಿದವಂತೆ. ಏರಿ ಮೋಡ ಹೊಕ್ಕ ಮೇಲೆ ಕೊಳವೆಯೊಳಗಿನ ಮಣ್ಣು ಜರುಗಿ ದಾರಿ ಮುಚ್ಚಿತು. ಅವರ ಕಡೆಯ ಸ್ಪೀಡ್ ಒಮ್ಮೆಲೇ ಬಿದ್ದುಹೋಯಿತು. ತಾನಾಗಿ ವಿಮಾನ ನಡೆಸುವ ಯಂತ್ರ ಕೈಬಿಟ್ಟಿತು. ಎಚ್ಚರಿಕೆಯ ಗಂಟೆಗಳೆಲ್ಲ ಒಟ್ಟಿಗೆ ಕೂಗಿದವು.

"ನಿಜವಾಗ್ಲೂ ಸ್ಪೀಡ್ ಅಷ್ಟು ಬಿದ್ದಿದ್ರೆ ರೆಕ್ಕೆಗೆ ಗಾಳಿ ಸಾಲೋದಿಲ್ಲ, ವಿಮಾನ ಕಲ್ಲಿನ ಹಂಗೆ ಬೀಳುತ್ತೆ. ಆ ಭಯಕ್ಕೆ ನಾನು ಮೂಗು ಜೋರಾಗಿ ಕೆಳಕ್ಕೆ ತಳ್ಳಿದೆ. ನಿಜಕ್ಕೂ ಸ್ಪೀಡ್ ಬಿದ್ದೇ ಇರಲಿಲ್ಲ. ಹಿಂದೆ ಟ್ರಾಲಿ ತೆಗೀತಿದ್ದ ಹುಡುಗಿ ಮೇಲಕ್ಕೆ ಹಾರಿ ಚಾವಣಿಗೆ ಬಡಿದು ಬಿದ್ದಳು. ನನ್ನ ಜೊತೆಗಾರ 'ಸಾರ್, ನನ್ನ ಕಡೆ ಸರಿಯಿದೆ' ಅಂತ ಕೂಗಿದ. ಆಗ ಬುದ್ಧಿ ಬಂತು."

ಆಮೇಲೆ ಮಾಡಿದ್ದನ್ನು ಮೊದಲೇ ಮಾಡಬೇಕಾಗಿತ್ತು ಅಂದರು. ಸ್ಪೀಡ್ ಮೇಲೆ ಅನುಮಾನ ಬಂದ ಕೂಡಲೇ ಮೀಟರ್ ಬಿಟ್ಟುಬಿಡಬೇಕು. ಮೂಗು ಇಷ್ಟು ಎತ್ತರ, ಇಂಜಿನ್ ಇಷ್ಟು ಅಂತ ಇಟ್ಟರೆ ವಿಮಾನ ಹಾರಿಯೇ ಹಾರುತ್ತದೆ. ಅದು ಪೈಲಟ್‌ಗೆ ಬಾಯಿಪಾಠವಿರುತ್ತದೆ. ಅಷ್ಟನ್ನು ಇಟ್ಟು, ಅಲ್ಲಾಡದೆ ಹಿಡಿದು, ಉಸಿರು ಬಿಟ್ಟು, ಆಮೇಲೆ ಮೂರೂ ಮೀಟರ್ ನೋಡಬೇಕು. ಎರಡು ಒಂದೇ ಹೇಳಿ ಒಂದು ಬೇರೆ ಹೇಳಿದರೆ ಬೇರೆಯದನ್ನು ನಂಬಬಾರದು. ಮೀಟರ್ ಸರಿಯಿದ್ದ ಜೊತೆಗಾರನಿಗೇ ಹಾರಿಸಲು ಕೊಟ್ಟು ಮೆಲ್ಲಗೆ ವಾಪಸ್ಸು ತಂದೆ ಅಂದರು.

ಕೊನೆಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಒಬ್ಬ ಹೆಲ್ಪರ್‌ನ ಕೆಲಸದಿಂದ ತೆಗೆದ್ರು. ನೀವೆಲ್ಲ ಹುಳದ ಕಥೆ ಹೇಳ್ಕೊಂಡು ನಗ್ತಿದೀರಂತೆ. ಆ ಹುಡುಗಿ ಬೆನ್ನು ಮುರಿದದ್ದು ಹುಳ ಅಲ್ಲ. ನನ್ನ ಈ ಕೈ. ಅದನ್ನ ಬರೆದೂ ಕೊಟ್ಟಿದೀನಿ."

ಅಷ್ಟು ದೊಡ್ಡ ಮನುಷ್ಯ ಲೋಡರ್‌ಗಳ ಮುಂದೆ ನಿಂತು ಹಾಗೆ ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ಇದ್ದೆ. ಆಗಲಾದರೂ ಏಳಬಹುದಿತ್ತು. ಎದ್ದಿದ್ದರೆ ಮುನಿರಾಜನಿಗೆ ಕೆಲಸ ವಾಪಸ್ಸು ಸಿಗುತ್ತಿತ್ತೋ ಇಲ್ಲವೋ, ಹುಳದಪ್ಪ ಅನ್ನುವ ಹೆಸರು ಅಲ್ಲೇ ಸಾಯುತ್ತಿತ್ತು. ಎಲ್ಲರ ಜೊತೆ ಚಹಾ ಕುಡಿದು ಹೊರಗೆ ಬಂದೆ.

ಸುಮ ಹುಟ್ಟಿದಳು. ಗಟ್ಟಿಯಾಗಿ ಅತ್ತಳು. ನಾಮಕರಣ ಆದ ಮೇಲೆ ಅಮ್ಮನೇ ಏಣಿ ಹಾಕಿಸಿ ಬಾಗಿಲ ಮೇಲಿನ ಖಾಲಿ ಗೂಡು ತೆಗೆದಳು. "ನನ್ನ ಚಿಕ್ಕಮಗ ಕೆಲಸ ಬಿಟ್ಟ, ಕೂಸನ್ನ ಉಳಿಸ್ಕೊಂಡ" ಅಂತ ಸಾಯುವ ತನಕ, ಸುಮಳ ಕಿವಿಗೆ ಮಾತ್ರ ಬೀಳದ ಹಾಗೆ, ಊರೆಲ್ಲ ಹೇಳಿಕೊಂಡು ಓಡಾಡಿದಳು. ಅದನ್ನು ಕೇಳಿದಾಗಲೆಲ್ಲ ನಾನು ಹೊರಗೆದ್ದು ಹೋಗುತ್ತಿದ್ದೆ.

ಮುನಿರಾಜ ಹೆಂಡತಿ ಮಗುವನ್ನು ಕರೆದುಕೊಂಡು ಮಾಲೂರಿಗೆ ಹೋಗಿ ಇಟ್ಟಿಗೆ ಕಾರ್ಖಾನೆಗೆ ಸೇರಿದ. ನಾನು ನಿಲ್ದಾಣದಲ್ಲೇ ಉಳಿದೆ. ನಿಲ್ದಾಣ ದೇವನಹಳ್ಳಿಗೆ ಹೋಯಿತು, ನಾನೂ ಹೋದೆ. ಕೆಲಸದ ರೀತಿ ಬದಲಾಯಿತು. ಈಗ ವಿಮಾನ ಸ್ವಲ್ಪ ಹೊತ್ತು ನಿಂತರೂ ಕವರ್ ಹಾಕಲೇಬೇಕು. ಹುಳ ಹತ್ತಿರ ಸುಳಿದರೂ ಇಂಜಿನಿಯರ್‌ಗೆ ಹೇಳಲೇಬೇಕು, ಅವರು ಕೊಳವೆ ಬಿಚ್ಚಿ ಒಳಗೆ ಗಾಳಿ ಬಿಟ್ಟು ಪರೀಕ್ಷೆ ಮಾಡಿಯೇ ಬಿಡುತ್ತಾರೆ. ಹೊಸಬರಿಗೆ ಇದನ್ನು ಹೇಳಿಕೊಡುವ ಕೆಲಸ ನನ್ನ ಪಾಲಿಗೇ ಬಂತು. "ತಪ್ಪು ಮಾಡಿದ್ರೂ ಪರವಾಗಿಲ್ಲ, ಬಾಯಿ ಬಿಟ್ಟು ಹೇಳ್ರೋ" ಅಂತ ಎಷ್ಟು ಜನಕ್ಕೆ ಹೇಳಿದ್ದೇನೋ. ಹೇಳುವಾಗ ನಾಲಿಗೆ ತಡವರಿಸಲಿಲ್ಲ.

ಆ ಊಟದ ಮರುದಿನ ಬೆಳಿಗ್ಗೆ ಮುನಿರಾಜನ ಜೊತೆ ಅವನ ಕಾರ್ಖಾನೆಗೆ ಹೋದೆ. ಕಲಸಿದ ಮಣ್ಣಿನ ಗುಡ್ಡೆಯ ಮೇಲೆ ಕುಂಬಾರ ಹುಳಗಳು ಗುಂಪುಗುಂಪಾಗಿ ಇಳಿದು ಉಂಡೆ ಕಟ್ಟುತ್ತಿದ್ದವು. ಅವನಿಗೆ ಅವು ಕಾಣುತ್ತಲೇ ಇಲ್ಲ ಅನ್ನುವಂತೆ ಪಕ್ಕದಲ್ಲಿ ನಡೆದ.

"ಸುಮಂಗೆ ಇವತ್ತು ಹೇಳ್ತೀನಿ ಕಣೋ" ಅಂದೆ.

"ಏನಂತ?"

"ನೀನು ನನಗೆ ಹೇಳಿದ್ದೆ ಅಂತ."

"ಹೇಳು. ಅವಳು ಒಂದಿನ ನಗ್ತಾಳೆ, ಒಂದಿನ ಅಳ್ತಾಳೆ, ಸರಿಹೋಗ್ತಾಳೆ." ಇಟ್ಟಿಗೆಯ ಅಚ್ಚು ಕೈಗೆತ್ತಿಕೊಂಡ. "ಆ ಇನ್ನೊಬ್ಬಳಿಗೆ ಯಾವಾಗ ಹೇಳ್ತೀಯಾ?"

"ಯಾರಿಗೆ?"

ಅವನು ನನ್ನ ಮುಖವನ್ನೇ ನೋಡಿದ. "ಬೆನ್ನು ಮುರಿದೋಳಿಗೆ ಅಣ್ಣ. ಬದುಕವಳೋ ಸತ್ತವಳೋ, ಒಂದಿನ ವಿಚಾರಿಸಿದೀಯಾ?"

ಇಲ್ಲ. ಇಷ್ಟು ವರ್ಷ ಒಂದು ದಿನವೂ ವಿಚಾರಿಸಿರಲಿಲ್ಲ. ವಿಚಾರಿಸಿದರೆ ಗೊತ್ತಾಗಿಬಿಡುತ್ತದಲ್ಲ ಅಂತ.

"ನಾನು ಹೋಗಿದ್ದೆ" ಅಂದ. "ಕೆಲಸ ಹೋದ ಮೇಲೆ ಆಸ್ಪತ್ರೆಗೆ ಹೋದೆ. ಅವರಪ್ಪ ಹೊಡೆಯಕ್ಕೇ ಬಂದರು. ಆಯಮ್ಮನೇ ಬಿಡಿಸಿದಳು. ಅವತ್ತಿಂದ ವರ್ಷಕ್ಕೊಂದ್ಸಲ ಹೋಗ್ತೀನಿ, ಮಾವಿನ ಹಣ್ಣೋ ಏನೋ ತಗೊಂಡು. ಈಗ ಕೋಲು ಹಿಡ್ಕೊಂಡು ಮನೇಲಿ ನಡೀತಾಳೆ. ಮೊದಲ್ನೇ ಸಲ ಹೋದಾಗ ಒಂದೇ ಮಾತು ಕೇಳಿದಳು. 'ನೋಡಿದ್ರಲ್ಲ, ಯಾರಿಗಾದ್ರೂ ಹೇಳೋದಲ್ವಾ?' ಅಂತ." ಅಚ್ಚಿಗೆ ಮಣ್ಣು ತುಂಬಿ ತಟ್ಟಿದ. "ನನ್ನತ್ರ ಉತ್ತರ ಇರಲಿಲ್ಲ ಅಣ್ಣ. ಅದು ನಿನ್ನತ್ರ ಇತ್ತು."

ಆ ಸಂಜೆ ಸುಮಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಬೈದರೆ ಬೈಸಿಕೊಳ್ಳೋಣ ಅಂತಲೇ ಕೂತಿದ್ದೆ.

"ನಾನೂ ನಕ್ಕೆ ದೊಡ್ಡಪ್ಪ" ಅಂದಳು. "ಕ್ಲಾಸಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನೇ."

ಎದ್ದು ಅಪ್ಪ ಇದ್ದ ಕಡೆ ಹೋದಳು. ಅವಳು ಈ ಬರಹವನ್ನು ಕ್ಲಾಸಿನಲ್ಲಿ ಓದುತ್ತೇನೆ ಅಂದಿದ್ದಾಳೆ. ನನ್ನ ಹೆಸರು ತೆಗೆಯಬೇಡ ಅಂದಿದ್ದೇನೆ.

ಮುಂದಿನ ಭಾನುವಾರ ಅಣ್ಣ ತಮ್ಮ ಇಬ್ಬರೂ ಬೆಂಗಳೂರಿಗೆ ಹೋದೆವು. ಬಸ್ಸಿನಲ್ಲಿ ಮತ್ತೆ ಒಂದೇ ಸೀಟು. ಸಣ್ಣ ಬೀದಿ, ಕೆಳಗಿನ ಮನೆ, ಬಾಗಿಲ ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಸರಳು. ಮುನಿರಾಜ ಗಂಟೆ ಒತ್ತಿದ. ಒಳಗೆ ಕೋಲಿನ ಸದ್ದು ನಿಧಾನವಾಗಿ ಹತ್ತಿರ ಬಂತು. ನನಗೆ ಏಣಿಯ ಮೇಲೆ ಭುಜಕ್ಕೆ ತಗುಲಿದ ಆ ಬೋರ್ಡು ನೆನಪಾಯಿತು. ಬಾಗಿಲು ತೆರೆಯಿತು. ಕೂದಲು ನರೆಯಲು ಶುರುವಾಗಿತ್ತು. ಕಣ್ಣು ಅವೇ.

"ಬನ್ನಿ ಮುನಿರಾಜು. ಈ ಸಲ ಬೇಗ ಬಂದ್ರಲ್ಲ" ಅಂದಳು. ಆಮೇಲೆ ನನ್ನನ್ನು ನೋಡಿ, "ಇವರು ಯಾರು?"

ಮುನಿರಾಜ ಚಪ್ಪಲಿ ಬಿಡುತ್ತಾ, ಮುಖ ಎತ್ತದೆ ಹೇಳಿದ.

"ನಮ್ಮಣ್ಣ ಮೇಡಂ. ಅವತ್ತು ನಾನು ಹೇಳಿದ್ದು ಇವನಿಗೆ."